ಟರ್ನ್‌ಟೇಬಲ್‌ನಲ್ಲಿ ಎಡಗಡೆ ಸದ್ದು ಕಮ್ಮಿ ಬರ್ತಿದೆ, ಕಾರ್ಟ್ರಿಜ್ ಬದಲಾಯಿಸಲೇಬೇಕಾ?

ಸ್ವಲ್ಪ ನಿಲ್ಲಿ ಮಾರಾಯ್ರೆ. ಕಾರ್ಟ್ರಿಜ್‌ಗೆ (ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಆ ಸಣ್ಣ ಭಾಗಕ್ಕೆ) ದುಡ್ಡು ಹಾಕುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ.

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾದದ್ದು ಇಷ್ಟು. ಮನೆ ಉಡುಪಿಯಲ್ಲಿ. ದುಬಾರಿ ಟರ್ನ್‌ಟೇಬಲ್, ಮೂವಿಂಗ್ ಕಾಯಿಲ್ ಕಾರ್ಟ್ರಿಜ್ (ಸೂಜಿಯ ಜೊತೆ ಸಣ್ಣ ತಂತಿ ಸುರುಳಿ ಅಲುಗುವ ಬಗೆ), ಬೇರೆಯೇ ಫೋನೋ ಸ್ಟೇಜ್ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಬೇಕಾದಷ್ಟು ದೊಡ್ಡದು ಮಾಡುವ ಪೆಟ್ಟಿಗೆ). ಮಳೆಗಾಲ ಮುಗಿದ ಮೇಲೆ ಎಡಗಡೆ ಸದ್ದು ಇಳಿದಿದೆ, ಹಾಡುವವರ ದನಿ ಬಲಕ್ಕೆ ಸರಿದಿದೆ. ಸಿಡಿ ಹಾಕಿದರೆ ಎರಡೂ ಕಡೆ ಸಮ. ಅಂಗಡಿಯವರು ಕಾರ್ಟ್ರಿಜ್ ಹೋಗಿದೆ ಅಂದಿದ್ದಾರೆ.

ಸಿಡಿ ಸರಿ ಇದೆ ಅಂದ ಮೇಲೆ ಆಂಪ್ಲಿಫೈಯರ್, ಸ್ಪೀಕರ್, ಕೋಣೆ ಇಷ್ಟರ ಮೇಲೂ ಸಂಶಯ ಬೇಡ. ಒಂದು ಮಾತ್ರ ನೋಡಿ. ಸಿಡಿ ಹಾಕುವ ಅದೇ ಇನ್‌ಪುಟ್‌ಗೆ ಫೋನೋ ಸ್ಟೇಜನ್ನು ಸಿಕ್ಕಿಸಿ ಕೇಳಿ. ಕೆಲವು ಸಲ ಆ ಒಂದು ಸಾಕೆಟ್ ಮಾತ್ರ ತುಕ್ಕು ಹಿಡಿದಿರುತ್ತದೆ.

ಆಮೇಲೆ ಅದಲುಬದಲು ಶುರು ಮಾಡಿ. ಆಂಪ್ಲಿಫೈಯರ್ ಆಫ್ ಮಾಡಿ. ಟರ್ನ್‌ಟೇಬಲ್‌ನಿಂದ ಬರುವ ಎರಡು ಆರ್‌ಸಿಎ ಪಿನ್‌ಗಳನ್ನು ಫೋನೋ ಸ್ಟೇಜಿನ ಇನ್‌ಪುಟ್‌ನಲ್ಲಿ ಎಡ ಬಲ ಬದಲಿಸಿ ಹಾಕಿ. ಪುನಃ ಆನ್ ಮಾಡಿ ಅದೇ ರೆಕಾರ್ಡ್ ಕೇಳಿ. ಕಮ್ಮಿ ಸದ್ದು ಈಗ ಬಲಗಡೆಯ ಸ್ಪೀಕರ್‌ಗೆ ಹೋಯಿತಾ? ಹಾಗಾದರೆ ತೊಂದರೆ ಕೇಬಲ್, ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿದಿರುವ ಉದ್ದ ಕೈ) ಅಥವಾ ಕಾರ್ಟ್ರಿಜ್ ಕಡೆ ಇದೆ. ಎಡಗಡೆಯೇ ಉಳಿಯಿತಾ? ಫೋನೋ ಸ್ಟೇಜ್ ಅಥವಾ ಅದರ ಮುಂದಿನ ಕೇಬಲ್. ಐದು ನಿಮಿಷದ ಕೆಲಸ, ಅರ್ಧ ಉತ್ತರ ಕೈಗೆ ಬರುತ್ತದೆ. ಇದನ್ನು ಮಾಡದೆ ಕಾರ್ಟ್ರಿಜ್ ಹೋಗಿದೆ ಅಂತ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಫೋನೋ ಸ್ಟೇಜಿನಲ್ಲೇ ತೊಂದರೆ ಅಂತಾದರೆ ಹಿಂದೆಯೋ ಅಡಿಯಲ್ಲೋ ಇರುವ ಸಣ್ಣ ಸ್ವಿಚ್‌ಗಳನ್ನು ನೋಡಿ. ಬಹಳ ಮಾಡೆಲ್‌ಗಳಲ್ಲಿ ಗೇನ್ (ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದು) ಮತ್ತು ಲೋಡಿಂಗ್ (ಕಾರ್ಟ್ರಿಜ್‌ಗೆ ಎದುರಾಗುವ ಓಮ್) ಎರಡು ಚಾನೆಲ್‌ಗೂ ಬೇರೆ ಬೇರೆ ಇರುತ್ತವೆ. ಧೂಳು ಒರೆಸುವಾಗ ಬೆರಳು ತಾಗಿ ಒಂದು ಸರಿದರೂ ಸಾಕು.

ನನ್ನ ಮನೆ ಇರುವುದು ಮಂಗಳೂರಿನ ಕಡಲ ಬದಿಯ ಪಣಂಬೂರಿನ ಹತ್ತಿರ. ಗೇಟಿಗೆ ಬಣ್ಣ ಹೊಡೆದು ವರ್ಷ ತುಂಬುವ ಮೊದಲೇ ತುಕ್ಕು ಏಳುತ್ತದೆ. ನಾಲ್ಕು ವರ್ಷದ ಹಿಂದೆ ನನಗೂ ನಿಮ್ಮ ಹಾಗೆಯೇ ಆಯಿತು, ನನ್ನದು ಬಲಗಡೆ. ನನಗೂ ಒಬ್ಬರು ಕಾಯಿಲ್ ಹೋಗಿದೆ, ಹೊಸದು ತರಿಸಿ ಅಂದರು. ಮನಸ್ಸು ಒಪ್ಪಲಿಲ್ಲ. ಟೇಬಲ್ ಲ್ಯಾಂಪ್ ಹತ್ತಿರ ಎಳೆದು, ಭೂತಗನ್ನಡಿ ಹಿಡಿದು, ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್‌ನ ಹಿಂದೆ ನೋಡಿದೆ. ಕೂದಲಿನಷ್ಟು ಸಣ್ಣ ನಾಲ್ಕು ವೈರ್. ಕೆಂಪು ವೈರಿನ ತುದಿಯ ಕ್ಲಿಪ್‌ನಲ್ಲಿ, ಅದು ಕಾರ್ಟ್ರಿಜ್‌ನ ಪಿನ್ ಹಿಡಿಯುವ ಜಾಗದಲ್ಲಿ, ಹಸಿರು ಕಿಲುಬು. ತಾಮ್ರದ ಚೆಂಬನ್ನು ತಿಕ್ಕದೆ ಇಟ್ಟರೆ ಬರುತ್ತದಲ್ಲ, ಅದೇ ಬಣ್ಣ. ಸಾಸಿವೆಯ ಕಾಲು ಭಾಗದಷ್ಟೂ ಇರಲಿಲ್ಲ.

ಅಷ್ಟಕ್ಕೇ ಸದ್ದು ಇಳಿಯುತ್ತದಾ ಅಂತ ಕೇಳಬಹುದು. ಇಳಿಯುತ್ತದೆ. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಸಾಮಾನ್ಯ ಮೂವಿಂಗ್ ಕಾಯಿಲ್ ಕೊಡುವುದು 0.3ರಿಂದ 0.5 ಮಿಲಿವೋಲ್ಟ್. ಕಮ್ಮಿ ಅಂದರೂ ನಾಲ್ಕು ಸಾವಿರ ಪಟ್ಟು ಸಣ್ಣದು. ನಿಮ್ಮ ಕಾಯಿಲ್ 10 ಓಮ್, ಫೋನೋ ಸ್ಟೇಜಿನ ಲೋಡ್ 100 ಓಮ್ ಅಂತ ಇಟ್ಟುಕೊಳ್ಳಿ. ಕಿಲುಬಿನಿಂದ ನಡುವೆ 40 ಓಮ್ ಸೇರಿಕೊಂಡರೆ ಆ ಕಡೆ ಸದ್ದು ಸುಮಾರು 2.7 ಡೆಸಿಬೆಲ್ ಬೀಳುತ್ತದೆ. ದನಿ ನಡುವಿನಿಂದ ಸರಿಯಲು ಅಷ್ಟು ಧಾರಾಳ ಸಾಕು.

ಬಣ್ಣಗಳನ್ನು ನೆನಪಿಡಿ. ಬಿಳಿ ಮತ್ತು ನೀಲಿ ಎಡಗಡೆಯವು, ಕೆಂಪು ಮತ್ತು ಹಸಿರು ಬಲಗಡೆಯವು. ನಿಮ್ಮದು ಎಡ, ಹಾಗಾಗಿ ಮೊದಲು ಬಿಳಿ ಮತ್ತು ನೀಲಿ ನೋಡಿ. ಸೂಜಿಗೆ ಕವರ್ ಹಾಕಿ. ಪವರ್ ತೆಗೆಯಿರಿ. ಸಣ್ಣ ಚಿಮಟದಲ್ಲಿ ಕ್ಲಿಪ್‌ನ ಲೋಹದ ಭಾಗವನ್ನೇ ಹಿಡಿದು ನೇರ ಹಿಂದಕ್ಕೆ ಎಳೆಯಿರಿ. ವೈರ್ ಹಿಡಿದು ಎಳೆದರೆ ಬುಡದಲ್ಲಿ ಕಿತ್ತು ಬರುತ್ತದೆ. ಒಂದು ಕ್ಲಿಪ್ ತೆಗೆದು, ಒರೆಸಿ, ಪುನಃ ಸಿಕ್ಕಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿಯವರು ಬಳಸುವುದು ಅದನ್ನೇ. ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದ್ದಿ, ಪಿನ್‌ನ ಸುತ್ತ ಮೆಲ್ಲಗೆ ತಿರುಗಿಸಿ. ಹತ್ತಿ ಕಪ್ಪೋ ಹಸಿರೋ ಆದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. ಪಾತ್ರೆಗೆ ಹಾಕುವ ಹಾಗೆ ಹುಣಸೆಹುಳಿ, ಲಿಂಬೆಹುಳಿ ಹತ್ತಿರವೂ ತರಬೇಡಿ, ಆ ಹುಳಿ ಒಳಗೆ ಉಳಿದು ಮತ್ತೆ ತಿನ್ನುತ್ತದೆ. ಕ್ಲಿಪ್ ಸಡಿಲ ಇದ್ದರೆ ಚಿಮಟದಲ್ಲಿ ಒಂದೇ ಒಂದು ಚೂರು ಅದುಮಿ.

ಮಾಡಲೇಬಾರದ ಎರಡು ಕೆಲಸ ಇವೆ. ಕಾರ್ಟ್ರಿಜ್‌ನ ಪಿನ್‌ಗೆ ಬೆಸುಗೆ ಹಾಕಬೇಡಿ, ಬಿಸಿ ಒಳಗಿನ ಕಾಯಿಲ್‌ವರೆಗೆ ಹೋಗುತ್ತದೆ. ಆ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದು ಓಮ್ ನೋಡಲೂ ಹೋಗಬೇಡಿ. ಮೀಟರಿನ ಕರೆಂಟ್ ಅಷ್ಟು ಸಣ್ಣ ಕಾಯಿಲ್‌ಗೆ ಜಾಸ್ತಿ ಆಗಬಹುದು. ಆರ್ಮಿನ ವೈರ್ ತುಂಡಾಗಿದೆಯಾ ಅಂತ ನೋಡುವುದಿದ್ದರೆ ನಾಲ್ಕೂ ಕ್ಲಿಪ್ ತೆಗೆದು, ಕ್ಲಿಪ್‌ನಿಂದ ಆರ್‌ಸಿಎ ತುದಿವರೆಗೆ ನೋಡಿ.

ಒರೆಸಿದರೂ ಸರಿಯಾಗದಿದ್ದರೆ ಕಾರ್ಟ್ರಿಜ್‌ನ ಹಿಂದೆಯೇ ಬಿಳಿಗೆ ಕೆಂಪು, ನೀಲಿಗೆ ಹಸಿರು ಬದಲಿಸಿ ಹಾಕಿ. ಕೆಳಗೆ ಆರ್‌ಸಿಎ ಮೊದಲಿನ ಹಾಗೆಯೇ ಇರಲಿ. ಈಗ ಕಮ್ಮಿ ಸದ್ದು ಬಲಕ್ಕೆ ಹೋದರೆ ಮಾತ್ರ ಕಾರ್ಟ್ರಿಜ್ ಅಥವಾ ಅದನ್ನು ಕೂರಿಸಿದ ರೀತಿಯ ಮೇಲೆ ಸಂಶಯ ಪಡಿ.

ಕೂರಿಸಿದ ರೀತಿ ಅಂದರೆ ಮುಖ್ಯವಾಗಿ ಅಜಿಮತ್, ಎದುರಿನಿಂದ ನೋಡಿದಾಗ ಸೂಜಿ ನೆಟ್ಟಗೆ ನಿಂತಿದೆಯಾ ಅನ್ನುವುದು. ಸ್ಟೀರಿಯೋ ರೆಕಾರ್ಡಿನ ಗೆರೆಯಲ್ಲಿ ಒಳಗೋಡೆ ಎಡ ಚಾನೆಲ್, ಹೊರಗೋಡೆ ಬಲ ಚಾನೆಲ್. ಎರಡೂ 45 ಡಿಗ್ರಿ ಓರೆ. ಸೂಜಿ ಒಂದು ಬದಿಗೆ ವಾಲಿದರೆ ಸಮತೋಲ ತಪ್ಪುತ್ತದೆ. ತೆಳು ಕನ್ನಡಿಯೊಂದನ್ನು ಪ್ಲ್ಯಾಟರ್ (ರೆಕಾರ್ಡ್ ಇಡುವ ತಟ್ಟೆ) ಮೇಲೆ ಇಟ್ಟು, ಪ್ಲ್ಯಾಟರ್ ತಿರುಗದಂತೆ ನೋಡಿಕೊಂಡು, ಸೂಜಿಯನ್ನು ಮೆಲ್ಲಗೆ ಅದರ ಮೇಲೆ ಇಳಿಸಿ ಎದುರಿನಿಂದ ನೋಡಿ. ಕಾರ್ಟ್ರಿಜ್ ಮತ್ತು ಅದರ ಬಿಂಬ ಒಂದೇ ನೇರದಲ್ಲಿ ನಿಲ್ಲಬೇಕು, ಸೊಂಟದಲ್ಲಿ ಮುರಿದ ಹಾಗೆ ಕಾಣಬಾರದು. ಆಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಎಳೆದುಕೊಳ್ಳದ ಹಾಗೆ ಹಿಡಿಯುವ ಸೆಟ್ಟಿಂಗ್) ತಪ್ಪಿದ್ದರೆ ಸದ್ದು ಇಳಿಯುವುದಕ್ಕಿಂತ ಜೋರು ಜಾಗಗಳಲ್ಲಿ ದನಿ ಒಡೆಯುವುದೇ ಜಾಸ್ತಿ.

ಕೇಳಿ ಪರೀಕ್ಷೆ ಮಾಡಲು ಹಳೆಯ ಮೋನೋ ಎಲ್‌ಪಿಯಷ್ಟು ಒಳ್ಳೆಯದು ಬೇರೆ ಇಲ್ಲ. ಅದರಲ್ಲಿ ಎರಡು ಗೋಡೆಗೂ ಒಂದೇ ಸದ್ದು, ದನಿ ಎರಡು ಸ್ಪೀಕರ್‌ನ ನಟ್ಟನಡುವೆ ನಿಲ್ಲಬೇಕು. ಸ್ಟೀರಿಯೋದಲ್ಲಿ ಗಾಯಕರನ್ನು ಬೇಕಂತಲೇ ಒಂದು ಬದಿಗೆ ಇಟ್ಟಿರಬಹುದು, ಅದನ್ನು ನಂಬಬೇಡಿ. ಸುಮ್ನೆ ಕಿವಿಯಲ್ಲಿ ಕೇಳಿದರೆ ಸಾಲದು ಅಂದರೆ ಟೆಸ್ಟ್ ರೆಕಾರ್ಡಿನ 1 ಕಿಲೋಹರ್ಟ್ಸ್ ಸ್ವರ ಹಾಕಿ ಫೋನೋ ಸ್ಟೇಜಿನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಒಂದು ಕಡೆ 100, ಇನ್ನೊಂದು ಕಡೆ 89 ಬಂದರೆ 1 ಡೆಸಿಬೆಲ್ ವ್ಯತ್ಯಾಸ. ಅಷ್ಟಕ್ಕೆ ತಲೆಕೆಡಿಸಿಕೊಳ್ಳಬೇಡಿ. 71 ಬಂದರೆ 3 ಡೆಸಿಬೆಲ್, ಏನೋ ಒಂದು ಖಂಡಿತ ತಪ್ಪಿದೆ.

ನನ್ನದು ಆ ಕಿಲುಬು ಒರೆಸಿದ ಸಂಜೆಯೇ ಸರಿಯಾಯಿತು, ಅದೇ ಕಾರ್ಟ್ರಿಜ್ ಇವತ್ತಿಗೂ ಹಾಡುತ್ತಿದೆ. ಈಗ ಜೂನ್ ಬರುವ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಎಲ್ಲ ಪಿನ್ ತೆಗೆದು ಒರೆಸುತ್ತೇನೆ. ಮುಚ್ಚಳದ ಅಡಿಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ.

ಮೊದಲ ಅದಲುಬದಲು ಮಾಡಿ, ಕಮ್ಮಿ ಸದ್ದು ಯಾವ ಕಡೆ ಹೋಯಿತು ಅಂತ ಇಲ್ಲಿ ಬರೆಯಿರಿ. ಫೋನೋ ಸ್ಟೇಜಿನ ಮಾಡೆಲ್ ಕೂಡ ಹೇಳಿ, ಸ್ವಿಚ್‌ಗಳ ವಿಷಯ ಒಟ್ಟಿಗೆ ನೋಡುವ.