ಉಡುಪಿ ಸೆಕೆಗೆ ಅಂಗೋರಾ ಬೇಡ

ಬ್ರಹ್ಮಾವರದಲ್ಲಿ ಅಂಗೋರಾ ಮೊಲ ಸಾಕಿ ಉಣ್ಣೆ ಮಾರಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಅದು ಚಳಿ ಊರಿನ ತಳಿ, ಹಿಮಾಚಲದ ಕುಲ್ಲು ಕಡೆ ಸಾಕುತ್ತಾರೆ. ಎರಡೂವರೆ, ಮೂರು ತಿಂಗಳಿಗೊಮ್ಮೆ ಉಣ್ಣೆ ಕತ್ತರಿಸುತ್ತಾರೆ. ನಮ್ಮ ಏಪ್ರಿಲ್ ಸೆಕೆಗೆ ಬನಿಯನ್ ಹಾಕಿಕೊಂಡವರೇ ಒದ್ದಾಡುತ್ತೇವೆ, ಉಣ್ಣೆ ಹೊತ್ತ ಮೊಲದ ಗತಿ ಏನು? ಮಳೆಗಾಲದಲ್ಲಿ ಕೂದಲು ಗಂಟು ಬೀಳುವುದು ಬೇರೆ.

ಮಾಂಸಕ್ಕಾದರೆ ನ್ಯೂಜಿಲೆಂಡ್ ವೈಟ್ ನೋಡಿ. ಹೆಸರು ಹಾಗಿದ್ದರೂ ತಳಿ ಹುಟ್ಟಿದ್ದು ಅಮೆರಿಕದಲ್ಲಿ. ಬಿಳಿ ಮೈ, ಕೆಂಪು ಕಣ್ಣು, ಬೆಳೆದರೆ 4-5 ಕೆಜಿ. ಬೂದು ಬಣ್ಣದ ಸೋವಿಯತ್ ಚಿಂಚಿಲಾವನ್ನು ಮಾಂಸಕ್ಕೂ ತುಪ್ಪಳಕ್ಕೂ ಸಾಕುತ್ತಾರೆ. ತುಪ್ಪಳದ ಆಸೆ ಇಲ್ಲಿ ಸುಮ್ನೆ, ಮಾಂಸದ ಲೆಕ್ಕ ಮಾತ್ರ ಹಾಕಿ.

ಯಾವ ತಳಿಯಾದರೂ ಸೆಕೆ ನೋಡಿಕೊಳ್ಳಬೇಕು. 30 ಡಿಗ್ರಿ ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಗಂಡಿನ ಬೀಜಶಕ್ತಿ ಕುಗ್ಗುತ್ತದೆ, ಹೆಣ್ಣು ಗಬ್ಬ ನಿಲ್ಲುವುದು ಕಷ್ಟ. ಶೀಟಿನ ಮಾಡು ಬೇಡ, ಹಂಚು ಹಾಕಿಸಿ. ಗೂಡಿನ ತಳಕ್ಕೆ ತಂತಿ ಬಲೆ ಇರಲಿ, ಹಿಕ್ಕೆ ಕೆಳಗೆ ಬೀಳುತ್ತದೆ, ತೆಂಗಿನ ಬುಡಕ್ಕೆ ಒಳ್ಳೆ ಗೊಬ್ಬರ. ಗಬ್ಬ ಬರೀ 31 ದಿನ, ಹಾಗಾಗಿ ಮರಿ ಕೊಳ್ಳುವವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.