ಎಣ್ಣೆ ಜಾಸ್ತಿಯಾದ ಬಾಲ್

ಪ್ರಶ್ನೆ: ಸಾರ್, ನನ್ನ ರಿಯಾಕ್ಟಿವ್ ಬೌಲಿಂಗ್ ಬಾಲ್‌ಗೆ ಎರಡು ವರ್ಷ. ಮೊದಲೆಲ್ಲ ಪಿನ್ ಹತ್ತಿರ ಬಂದಾಗ ಚೆನ್ನಾಗಿ ತಿರುಗುತ್ತಿತ್ತು. ಈಗ ಸುಮ್ನೆ ನೇರ ಹೋಗುತ್ತದೆ. ಹೊಸ ಕವರ್‌ಸ್ಟಾಕ್‌ನವು (ಬಾಲ್‌ನ ಹೊರಪದರ) ಬಂದಿವೆ, ಇದನ್ನು ಬಿಸಾಕು ಅನ್ನುತ್ತಾರೆ ಜೊತೆಯವರು. ಏನು ಮಾಡಲಿ?

ಉತ್ತರ: ಬಿಸಾಕಬೇಡಿ. ನಿಮ್ಮ ಬಾಲ್‌ಗೆ ಎಣ್ಣೆ ಜಾಸ್ತಿಯಾಗಿದೆ, ಅಷ್ಟೇ. ನಗಬೇಡಿ, ಬಾಲ್ ಉರುಳುವ ಲೇನ್ ಮೇಲೆ ಬಳಿದಿರುವ ಎಣ್ಣೆಯ ಮಾತು ಇದು. ನಿಮ್ಮ ಬಾಲ್‌ನ ಹೊರಪದರವಾದ ರಿಯಾಕ್ಟಿವ್ ರೆಸಿನ್ ಮೂಲದಲ್ಲಿ ಯುರೇಥೇನ್ ಎಂಬ ಪ್ಲಾಸ್ಟಿಕ್ಕೇ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಮೂಡುವ ಹಾಗೆ ಅದಕ್ಕೆ ಬೇರೆ ಪದಾರ್ಥ ಬೆರೆಸಿರುತ್ತಾರೆ. ಅವು ಎಣ್ಣೆ ಹೀರುವುದರಿಂದಲೇ ಬಾಲ್ ಲೇನನ್ನು ಕಚ್ಚಿ ಹಿಡಿಯುವುದು. ತೂತು ತುಂಬಿಹೋದರೆ ಹಿಡಿತ ಎಲ್ಲಿಂದ ಬರಬೇಕು?

ನಾನು ಕಲಿತದ್ದು ಪಾಲಿಯೆಸ್ಟರ್ ಬಾಲ್‌ನಲ್ಲಿ. ಅದು ಎಣ್ಣೆ ಕುಡಿಯುತ್ತಲೂ ಇರಲಿಲ್ಲ, ತಿರುಗುತ್ತಲೂ ಇರಲಿಲ್ಲ. 1981ರಲ್ಲಿ ಯುರೇಥೇನ್ ಬಂತು, 90ರ ದಶಕದ ಶುರುವಿನಲ್ಲಿ ರಿಯಾಕ್ಟಿವ್. ಈಗ ಹೊಸದು ಅಂತ ಮಾರುವ ಬಹುಪಾಲು ಬಾಲ್‌ಗಳು ಅದರ ಮಕ್ಕಳು, ಮೊಮ್ಮಕ್ಕಳೇ. ಅವುಗಳಲ್ಲಿ ಸಾಲಿಡ್ ಎನ್ನುವ ಬಗೆ ಬೇಗ ಲೇನ್ ಹಿಡಿಯುತ್ತದೆ. ಅಭ್ರಕದ ಪುಡಿ ಬೆರೆಸಿದ ಪರ್ಲ್ ತುಂಬ ದೂರದವರೆಗೂ ಜಾರಿ, ಕೊನೆಯಲ್ಲಿ ಥಟ್ಟನೆ ತಿರುಗುತ್ತದೆ. ಎರಡನ್ನೂ ಬೆರೆಸಿದ್ದು ಹೈಬ್ರಿಡ್. ಯಾವುದನ್ನೇ ಕೊಂಡರೂ ಅದೂ ಎಣ್ಣೆ ಹೀರುತ್ತದೆ. ಎಷ್ಟು ಬೇಗ ಹೀರಬಹುದು ಎನ್ನುವುದಕ್ಕೆ 2020ರಲ್ಲಿ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಮಿತಿಯನ್ನೇ ಹಾಕಬೇಕಾಯಿತು ಅಂದರೆ ನೋಡಿ!

ಬೆರಳಿನ ತೂತುಗಳಿಗೆ ಗಟ್ಟಿಯಾಗಿ ಟೇಪ್ ಅಂಟಿಸಿ. ಬಕೆಟ್‌ನಲ್ಲಿ ಕೈ ತಾಳುವಷ್ಟು ಬಿಸಿ ನೀರು, ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪು. ಇಪ್ಪತ್ತು ನಿಮಿಷ ಮುಳುಗಿಸಿಟ್ಟು, ತೆಗೆದು ಒರೆಸಿ. ನೀರಿನ ಮೇಲೆ ತೇಲುವ ಎಣ್ಣೆ ನೋಡಿ ನಿಮಗೇ ಅಸಹ್ಯವಾಗುತ್ತದೆ. ನೀರು ಬದಲಿಸಿ ಮತ್ತೆ ಮಾಡಿ. ಒಣಗಿದ ಮೇಲೆ 2000 ಗ್ರಿಟ್‌ನ ಉಜ್ಜುವ ಪ್ಯಾಡ್‌ನಿಂದ (ನುಣುಪಾದ ಮರಳು ಕಾಗದದಂಥದ್ದು) ಸುತ್ತಲೂ ಸಮನಾಗಿ ಉಜ್ಜಿ. ಹೊಳಪು ಹೋಯಿತಲ್ಲ ಅಂತ ಬೇಜಾರಾಗಬೇಡಿ. ಮೈ ಒರಟಾದಷ್ಟೂ ಬೇಗ ಹಿಡಿಯುತ್ತದೆ.

ನೀರಿನ ಗೋಜು ಬೇಡ ಅಂತ ಓವನ್‌ಗೆ ಮಾತ್ರ ಇಡಬೇಡಿ. ನಾನು ಇಟ್ಟಿದ್ದೆ. ಹತ್ತು ನಿಮಿಷಕ್ಕೆ ‘ಟಪ್’ ಅಂತ ಸದ್ದು. ಹೆಬ್ಬೆರಳಿನ ತೂತಿನಿಂದ ಶುರುವಾದ ಬಿರುಕು ಅರ್ಧ ಬಾಲ್ ಸುತ್ತಿ ಬಂದಿತ್ತು. ಹೆಂಡತಿ ಅದನ್ನು ಹೂಕುಂಡದ ಪಕ್ಕ ಇಟ್ಟಿದ್ದಾಳೆ. ಬಂದವರಿಗೆಲ್ಲ ಕಥೆ ಹೇಳುತ್ತಾಳೆ ಬೇರೆ.

ಅಂದ ಹಾಗೆ, ಮೂಲೆಯ 10ನೇ ಪಿನ್ ಒಂದೇ ಉಳಿದಾಗಲೂ ಇದೇ ಬಾಲ್ ಎಸೆಯುತ್ತೀರಾ? ಅದಕ್ಕೆ ಹಳೇ ಪಾಲಿಯೆಸ್ಟರ್ ಒಂದಿರಲಿ. ನೇರ ಹೋಗುವುದೇ ಅದರ ಗುಣ.