ಶರಾವತಿಯಲ್ಲಿ ಗಾಳ ಹಾಕಲು ಗೈಡ್ ಬೇಕೇ?

ಹೊನ್ನಾವರದಲ್ಲಿ ಪರಿಚಯದವರ ದೋಣಿ ಸಿಗುತ್ತದೆ, ಗಾಳ ಹಾಕುವುದನ್ನು ವೀಡಿಯೋ ನೋಡಿ ಕಲಿತಿದ್ದೇವೆ, ಹೀಗಿರುವಾಗ ಗೈಡಿಗೆ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರ ಹಾಕಿಕೊಂಡು ಗೆಳೆಯರೊಡನೆ ಶರಾವತಿಗೆ ಇಳಿದವನು ನಾನು. ದೋಣಿಯ ಯಜಮಾನರು ನಮ್ಮ ಜೊತೆಗೆ ಊರಿನ ಹುಡುಗನೊಬ್ಬನನ್ನು ಕಳುಹಿಸುತ್ತೇನೆ, ಅವನ ದಿನದ ಕೂಲಿ ಕೊಟ್ಟರೆ ಸಾಕು ಎಂದಿದ್ದರು. ನಾವು ಬೇಡವೆಂದೆವು. ಗೆಳೆಯನೊಬ್ಬನಿಗೆ ಎಂಜಿನ್ ನಡೆಸಲು ಬರುತ್ತಿತ್ತು. ನನ್ನ ಮೊಬೈಲಿನಲ್ಲಿ ಭರತ ಇಳಿತಗಳ ವೇಳಾಪಟ್ಟಿ ಇತ್ತು.

ನಮ್ಮನ್ನು ಕೆಡಿಸಿದ್ದು ಆ ವೇಳಾಪಟ್ಟಿ. ಅದು ಹೇಗೆಂಬುದನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಅದರಲ್ಲಿದ್ದ ಒಂದು ಅಂಕಿಯೂ ತಪ್ಪಾಗಿರಲಿಲ್ಲ. ಇಳಿತ ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆ ಎಂದು ಅದರಲ್ಲಿತ್ತು, ಸಮುದ್ರದಂಚಿನಲ್ಲಿ ಆರಕ್ಕೇ ಮುಗಿದಿರಲೂಬೇಕು. ಆದರೆ ನಾವಿದ್ದದ್ದು ರೈಲು ಸೇತುವೆಯನ್ನು ದಾಟಿ ಬಹಳ ಮೇಲೆ, ನದಿಯೊಳಗೆ. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಸಮುದ್ರ ಏರತೊಡಗಿದರೂ, ಆ ಏರಿಕೆ ನದಿಯನ್ನು ಹತ್ತಿ ಒಳಗೆ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಮೇಲಿನ ನೀರು ಇಳಿಯುತ್ತಲೇ ಇರುತ್ತದೆ. ಆರೂಕಾಲರ ಹೊತ್ತಿಗೆ ನಾವು ಕಾಣೆ ಎಂಬ ಮೀನಿನ ಆಸೆಯಿಂದ ಮರಳುದಿಬ್ಬದ ಮೇಲಿನ ತೆಳುನೀರಿಗೆ ದೋಣಿಯನ್ನು ನುಗ್ಗಿಸಿದೆವು. ಇನ್ನು ನೀರು ಏರುವುದೇ ಹೊರತು ಇಳಿಯುವುದಿಲ್ಲ, ತಳ ತಾಗಿದರೂ ನೀರೇ ಎತ್ತಿಬಿಡುತ್ತದೆ ಎಂಬುದು ನಮ್ಮ ಧೈರ್ಯ. ನೀರು ಇನ್ನೂ ಇಳಿಯುತ್ತಿತ್ತು. ದೋಣಿ ದಿಬ್ಬದ ಮೇಲೆ ಕುಳಿತೇಬಿಟ್ಟಿತು. ಅದು ಅಮಾವಾಸ್ಯೆಯ ಮರುದಿನ ಬೇರೆ. ಅಷ್ಟಮಿಯ ಆಸುಪಾಸಿನಲ್ಲಾಗಿದ್ದರೆ ಇಳಿತ ಅಷ್ಟು ಆಳಕ್ಕೆ ಹೋಗುತ್ತಿರಲಿಲ್ಲ.

ಸುಮ್ಮನೆ ಕಾಯ್ದಿದ್ದರೆ ಬಿಸಿಲು ತಿಂದು ಮನೆಗೆ ಹೋಗುತ್ತಿದ್ದೆವು. ನಾವು ಎಂಜಿನ್ನನ್ನು ಜೋರು ಮಾಡಿದೆವು, ಫ್ಯಾನಿನ ಎಲೆ ಕಲ್ಲಿಗೆ ಬಡಿದು ಮುರಿಯಿತು. ತಳ್ಳಲೆಂದು ಬರಿಗಾಲಲ್ಲಿ ಇಳಿದ ಗೆಳೆಯನ ಅಂಗಾಲನ್ನು ಕಲ್ಲಿಗೆ ಕಚ್ಚಿಕೊಂಡಿದ್ದ ಚಿಪ್ಪು ಉದ್ದಕ್ಕೆ ಸೀಳಿತು. ಹೊಲಿಗೆಯ ಖರ್ಚು, ಎಂಜಿನ್ನಿನ ರಿಪೇರಿ ಎಲ್ಲ ಸೇರಿ ಆ ಹುಡುಗನ ಕೂಲಿಯ ಹಲವು ಪಟ್ಟಾಯಿತು. ಮೀನು ಒಂದೂ ಸಿಗಲಿಲ್ಲ.

ಆದ್ದರಿಂದ ಗೈಡ್ ಇದ್ದರೆ ಎಷ್ಟು ಮೀನು ಹೆಚ್ಚು ಸಿಗುತ್ತದೆ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಗಾಳ ಹಾಕುವುದು ನಿಮಗೆ ಬರುತ್ತದೆ, ನಂಬುತ್ತೇನೆ. ನಿಮಗೆ ಬಾರದ್ದು ಆ ನೀರು. ಶರಾವತಿಯಲ್ಲಂತೂ ಚಂದ್ರನ ಲೆಕ್ಕವೊಂದೇ ಸಾಲದು. ಮೇಲೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ವಿದ್ಯುದಾಗಾರವಿದೆ. ಅಲ್ಲಿ ಯಂತ್ರಗಳು ತಿರುಗಿದಾಗಲೆಲ್ಲ ಸಿಹಿನೀರು ನದಿಗೆ ಬರುತ್ತದೆ, ಆಗ ಉಪ್ಪು ಬಯಸುವ ಮೀನು ಕೆಳಕ್ಕೆ ಸರಿಯುತ್ತದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಈ ತಲೆನೋವೂ ಇಲ್ಲ. ಕರೆಂಟು ಯಾವಾಗ ಬೇಕಾಗುತ್ತದೆ ಎಂಬುದು ಯಾವ ಭರತದ ಪಟ್ಟಿಯಲ್ಲಿಯೂ ಬರುವುದಿಲ್ಲ.

ಮುಂದೆ ನಾವು ಕರೆದುಕೊಂಡು ಹೋದ ಹಿರಿಯರು ದೋಣಿ ಬಿಡುವ ಮೊದಲು ಬೊಗಸೆಯಲ್ಲಿ ನೀರು ತೆಗೆದು, ಸಾರಿನ ಉಪ್ಪು ನೋಡುವಂತೆ ನಾಲಿಗೆಗೆ ತಾಗಿಸಿ ಉಗಿದರು. "ಸಪ್ಪೆ ಉಂಟು, ಮೇಲೆ ಹೋಗುವುದು ಬೇಡ" ಎಂದು ದೋಣಿಯನ್ನು ಅಳಿವೆಯ ಕಡೆಗೆ ತಿರುಗಿಸಿದರು. ಜೀವಂತ ಸಿಗಡಿಯನ್ನು ಗಾಳಕ್ಕೆ ಪೋಣಿಸುವಾಗ ತಲೆಯೊಳಗಿನ ಕಪ್ಪು ಚುಕ್ಕೆಯನ್ನು ತಪ್ಪಿಸಿ, ಕೊಂಬಿನ ಬುಡದಲ್ಲಿ ತೆಳ್ಳಗೆ ಚುಚ್ಚಿದರು. ನಾವು ಚುಚ್ಚಿದ ಸಿಗಡಿಗಳು ಅಷ್ಟರಲ್ಲಿ ಸತ್ತು ಬೆಳ್ಳಗಾಗಿದ್ದವು. ದೋಣಿ ತೆಳುನೀರಿಗೆ ಬಂದಾಗಲೆಲ್ಲ ಉದ್ದನೆಯ ಬಿದಿರುಗಳುವನ್ನು ತಳಕ್ಕೆ ಊರಿ ನೋಡುತ್ತಿದ್ದರು, ಮೊಬೈಲನ್ನು ಒಮ್ಮೆಯೂ ನೋಡಲಿಲ್ಲ.

ಗೈಡ್ ಎಂದರೆ ದುಬಾರಿ ರಾಡು, ಕಪ್ಪು ಕನ್ನಡಕ, ಮೀನು ಹಿಡಿದು ನಿಂತ ಫೋಟೋಗಳು ಎಂದುಕೊಂಡಿದ್ದರೆ ಅಂಥವರು ನಿಮಗೆ ಬೇಡ. ಆ ನದಿಯಲ್ಲಿಯೇ ದಿನವೂ ಬಲೆ ಬಿಡುವ ಒಬ್ಬರನ್ನು ದೋಣಿಯ ಯಜಮಾನರ ಮೂಲಕವೇ ಹುಡುಕಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ರಜೆ ಹಾಕಿ ಬಸ್ಸಿನ ಟಿಕೆಟ್ ತೆಗೆಯುವ ಮೊದಲೇ ಅವರಿಗೆ ಫೋನ್ ಮಾಡಿ, ಯಾವ ದಿನ ಬರಲಿ ಎಂದು ಕೇಳಿ. ಯಾವಾಗ ಬಂದರೂ ಆದೀತು ಎನ್ನುವವರಿಗಿಂತ, ನಿಮ್ಮ ಶನಿವಾರ ಭಾನುವಾರಗಳನ್ನು ಲೆಕ್ಕಿಸದೆ ತಿಥಿ ಎಣಿಸಿ ಹೇಳುವವರು ಮೇಲು. ದಡದಲ್ಲಿ ಕುಳಿತೇ ಗಾಳ ಹಾಕುವುದಾದರೆ ಯಾರೂ ಬೇಡ, ಆ ದುಡ್ಡಿಗೆ ಹೊನ್ನಾವರದಲ್ಲಿ ಒಳ್ಳೆಯ ಮೀನೂಟ ಮಾಡಿ. ಇನ್ನು ಅಳಿವೆಯ ಬಾಯನ್ನು ದಾಟಿ ಸಮುದ್ರಕ್ಕೆ ಹೋಗುವ ಯೋಚನೆ ಇದ್ದರೆ, ಮಳೆಗಾಲ ಮುಗಿದು ಸಮುದ್ರ ಶಾಂತವಾಗುವವರೆಗೆ ಅದನ್ನು ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೇ ಅಲ್ಲಿ ನಿಷೇಧವಿರುತ್ತದೆ. ಆ ತಿಂಗಳುಗಳಲ್ಲಿ ಹೆಚ್ಚು ಹಣ ಕೊಟ್ಟರೆ ಕರೆದೊಯ್ಯುತ್ತೇನೆ ಎನ್ನುವವರ ದೋಣಿಯನ್ನು ಹತ್ತಲೇಬೇಡಿ.